ಆ್ಯಪ್ ಹೇಳುವುದು ಒಂದು, ಮೀಟರ್ ಹೇಳುವುದು ಇನ್ನೊಂದು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ, ಮನೆಗೆ ಸೋಲಾರ್ ಹಾಕಿಸಿಕೊಂಡವರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

2024ರ ಫೆಬ್ರವರಿಯಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ ಅಂತಾದ ಮೇಲೆ ನಮ್ಮ ಬದಿಯಡ್ಕ, ಪೆರ್ಲ, ಬಾಯಾರು, ಮುಳ್ಳೇರಿಯ ಕಡೆಯೂ ತಾರಸಿ ಮೇಲೆ ಪ್ಯಾನೆಲ್ ಕಾಣಿಸತೊಡಗಿತು. ಸಂತೋಷದ ವಿಷಯ. ಆದರೆ ಪ್ಯಾನೆಲ್ ಹಾಕಿ ಎರಡು ಬಿಲ್ಲು ಬರುವಷ್ಟರಲ್ಲಿ ತಕರಾರು ಶುರು. "ಆ್ಯಪ್‌ನಲ್ಲಿ 340 ಯೂನಿಟ್ ತೋರಿಸ್ತದೆ, ಕೆ.ಎಸ್.ಇ.ಬಿ.ಯವರು 230 ಮಾತ್ರ ಲೆಕ್ಕ ಹಿಡಿದಿದ್ದಾರೆ. ಬಾಕಿ 110 ಎಲ್ಲಿ ಹೋಯ್ತು?"

ಆ್ಯಪ್ ಅಂದರೆ, ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಬೇಕಾದ ಹಾಗೆ ಬದಲಾಯಿಸುವ ಇನ್ವರ್ಟರ್ ಪೆಟ್ಟಿಗೆಯ ಅಂಕಿಗಳನ್ನು ಫೋನಿನಲ್ಲಿ ತೋರಿಸುವಂಥದ್ದು. ಕೆ.ಎಸ್.ಇ.ಬಿ. ಅಂದರೆ ಕೇರಳದ ವಿದ್ಯುತ್ ಮಂಡಳಿ. ಈ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೇನೆ. ಯಾಕೆಂದರೆ ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ, ಮತ್ತು ಇದರಲ್ಲಿ ಯಾರದ್ದೂ ತಪ್ಪಿಲ್ಲ. 340 ಅಂದರೆ ಪ್ಯಾನೆಲ್‌ನಿಂದ ಬಂದ ಒಟ್ಟು ಕರೆಂಟು. 230 ಅಂದರೆ ನಿಮ್ಮ ಮನೆ ದಾಟಿ ಹೊರಗೆ ಲೈನಿಗೆ ಹೋದದ್ದು. ಮಧ್ಯದ 110 ಯೂನಿಟ್ ಹಗಲಲ್ಲಿ ನಿಮ್ಮ ಫ್ರಿಜ್, ಮಿಕ್ಸಿ, ಬಾವಿಯ ಪಂಪು ನೇರವಾಗಿ ಬಳಸಿಕೊಂಡದ್ದು. ಅದು ಲೈನಿನ ಕಡೆ ಇರುವ ಕೆ.ಎಸ್.ಇ.ಬಿ.ಯ ನೆಟ್ ಮೀಟರಿನ ತನಕ ಹೋಗುವುದೇ ಇಲ್ಲ. ಅದೇ ತಿಂಗಳು ಲೈನಿನಿಂದ 190 ಯೂನಿಟ್ ಒಳಗೆ ಬಂದಿದ್ದರೆ, ಮನೆಯ ನಿಜವಾದ ಖರ್ಚು 110 ಮತ್ತು 190 ಸೇರಿ 300. ಈ ಲೆಕ್ಕ ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಅರ್ಧದಷ್ಟು ಅನುಮಾನ ಅಲ್ಲೇ ಮುಗಿಯುತ್ತದೆ.

ಇನ್ನೊಂದು, ತಾರೀಕು. ಆ್ಯಪ್ ಒಂದನೇ ತಾರೀಕಿನಿಂದ ಲೆಕ್ಕ ಹಾಕುತ್ತದೆ. ರೀಡಿಂಗ್ ತೆಗೆಯುವವರು ಏಳಕ್ಕೋ ಎಂಟಕ್ಕೋ ಬರುತ್ತಾರೆ. ಮಳೆ ಹಿಡಿದ ಜೂನ್ ತಿಂಗಳಲ್ಲಿ ಒಂದು ವಾರದ ವ್ಯತ್ಯಾಸ ಅಂದರೆ ಸಣ್ಣದಲ್ಲ. ಅದೇ ದಿನದಿಂದ ಅದೇ ದಿನಕ್ಕೆ ಹೋಲಿಸಬೇಕು.

ಇಷ್ಟು ಮಾಡಿದ ಮೇಲೂ ಲೆಕ್ಕ ಕೂಡದಿದ್ದರೆ, ಆಗ ನಿಜವಾಗಿ ಏನೋ ತಪ್ಪಿದೆ. ನಾನು ಹೇಳಬೇಕು ಅಂತ ಬಂದದ್ದು ಇದನ್ನೇ: ತಪ್ಪು ಅಂಕಿ ಸುಮ್ನೆ ಹೇಗೇಗೋ ತಪ್ಪುವುದಿಲ್ಲ. ಯಾವ ಹೊತ್ತಿಗೆ, ಎಷ್ಟು, ಯಾವ ಕಡೆಗೆ ತಪ್ಪುತ್ತದೆ ಅಂತ ನೋಡಿದರೆ ದೋಷ ಎಲ್ಲಿದೆ ಅಂತ ಬಹುಮಟ್ಟಿಗೆ ಗೊತ್ತಾಗುತ್ತದೆ. ಇನ್ವರ್ಟರ್ ಬದಲಾಯಿಸಬೇಕು, ಮೀಟರ್ ಹಾಳಾಗಿದೆ ಅಂತ ಓಡುವ ಮೊದಲು ಇದನ್ನು ನೋಡಬೇಕು.

ಮೊದಲು, ಯಾರು ಎಲ್ಲಿ ಅಳೆಯುತ್ತಾರೆ? ಸೋಲಾರ್ ಇರುವ ಮನೆಯಲ್ಲಿ ಕೆ.ಎಸ್.ಇ.ಬಿ.ಯ ಲೆಕ್ಕಕ್ಕೆ ಎರಡು ಮೀಟರ್ ಇರುತ್ತವೆ. ಒಂದು ಸೋಲಾರ್ ಮೀಟರ್, ಉತ್ಪಾದನೆಗೆ. ಇನ್ನೊಂದು ನೆಟ್ ಮೀಟರ್, ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ. ಇವುಗಳ ಮುಖದ ಮೇಲೆ ಕ್ಲಾಸ್ 1 ಅಂತ ಬರೆದಿದ್ದರೆ ತಪ್ಪು ಸುಮಾರು ನೂರಕ್ಕೆ ಒಂದರೊಳಗೆ ಇರಬೇಕು ಅಂತ ಅರ್ಥ. ಇನ್ವರ್ಟರ್ ಒಳಗಿನ ಅಳತೆ ಅಷ್ಟು ಬಿಗಿ ಅಲ್ಲ. ಅದು ತನ್ನ ಕೆಲಸ ನಡೆಸಿಕೊಳ್ಳಲು ಅಳೆಯುತ್ತದೆ, ಬಿಲ್ಲು ಬರೆಯಲು ಅಲ್ಲ. ಆದ್ದರಿಂದ ಉತ್ಪಾದನೆಯಲ್ಲಿ ನೂರಕ್ಕೆ ಮೂರು ನಾಲ್ಕು ವ್ಯತ್ಯಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಆ್ಯಪ್‌ನಲ್ಲಿ "ಮನೆಯ ಬಳಕೆ" ಅಂತ ಒಂದು ಅಂಕಿ ಬರುತ್ತದೆ. ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಅದನ್ನು ಯಾರೂ ಅಳೆಯುವುದಿಲ್ಲ. ಉತ್ಪಾದನೆಗೆ ಲೈನಿನ ಅಂಕಿಯನ್ನು ಕೂಡಿಸಿಯೋ ಕಳೆದೋ ಅದನ್ನು ತೆಗೆಯುತ್ತಾರೆ. ಲೈನಿನ ಅಂಕಿ ಬರುವುದು ಸಿ.ಟಿ. ಎಂಬ ಸಣ್ಣ ಬಳೆಯಿಂದ. ಮೈನ್ ವಯರನ್ನು ಸುತ್ತಿ ಹಿಡಿದು, ಒಳಗೆ ಹರಿಯುವ ಕರೆಂಟನ್ನು ಅದು ಅಂದಾಜು ಮಾಡುತ್ತದೆ. ಆ ಬಳೆ ತಪ್ಪಿದರೆ ಮನೆಯ ಬಳಕೆಯೂ ತಪ್ಪು, ಹೊರಗೆ ಹೋದದ್ದೂ ತಪ್ಪು.

ಪೆರ್ಲದ ಹತ್ತಿರದ ಒಂದು ಮನೆಯ ವಿಷಯ ಹೇಳ್ತೇನೆ. ಮನೆಯವರು ಫೋನ್ ಮಾಡಿ, "ಭಾವ, ನಮ್ಮ ಮನೆ ರಾತ್ರಿ ಲೈನಿಗೆ ಕರೆಂಟು ಕೊಡ್ತದಂತೆ, ಆ್ಯಪ್ ನೋಡು" ಅಂದರು. ನೋಡಿದೆ. ರಾತ್ರಿ ಎಂಟು ಗಂಟೆ, ಫ್ರಿಜ್ ಓಡುತ್ತಿದೆ, ಫ್ಯಾನ್ ತಿರುಗುತ್ತಿದೆ. ಆ್ಯಪ್‌ನಲ್ಲಿ ಮನೆಯ ಬಳಕೆ ಸೊನ್ನೆ, ಲೈನಿಗೆ 0.4 ಕಿಲೋವ್ಯಾಟ್ ಹೊರಗೆ. ಮಾರನೇ ದಿನ ಮಧ್ಯಾಹ್ನ ಇನ್ವರ್ಟರ್ 2 ಕಿಲೋವ್ಯಾಟ್ ಕೊಡುವಾಗ ಆ್ಯಪ್ ಹೇಳಿದ್ದು ಲೈನಿನಿಂದ 1.5 ಒಳಗೆ, ಮನೆಯ ಬಳಕೆ 3.5. ಆ ಹೊತ್ತಿಗೆ ಮನೆಯಲ್ಲಿ ಇದ್ದದ್ದು ಅರ್ಧ ಕಿಲೋವ್ಯಾಟಿನ ಬಳಕೆ. ಲೆಕ್ಕ ಹಾಕಿ ನೋಡಿ. ನಿಜವಾಗಿ 1.5 ಹೊರಗೆ ಹೋಗುತ್ತಿದೆ, ಆ್ಯಪ್ ಅದನ್ನು ಒಳಗೆ ಬಂದದ್ದು ಅಂತ ಓದಿದೆ. ಸಿ.ಟಿ. ಮೇಲೆ ಒಂದು ಬಾಣದ ಗುರುತು ಇರುತ್ತದೆ. ಅದನ್ನು ತಿರುಗಾ ಹಾಕಿದ್ದರು, ಅಷ್ಟೇ. ಮೈನ್ ಆಫ್ ಮಾಡಿ ಬಳೆ ತಿರುಗಿಸಿ ಹಾಕಿದ್ದಕ್ಕೆ ಎಲ್ಲಾ ಸರಿಯಾಯಿತು. ಆ ಮನೆಯಲ್ಲಿ ಬ್ಯಾಟರಿ ಇರಲಿಲ್ಲ, ಪುಣ್ಯ. ಬ್ಯಾಟರಿ ಇದ್ದು ಬಾಣ ತಿರುಗಿದ್ದರೆ, ಹೊರಗೆ ಹೋಗುತ್ತಿರುವ ಕರೆಂಟನ್ನೇ ಇನ್ವರ್ಟರ್ ಮನೆಯ ಬೇಡಿಕೆ ಅಂತ ತಿಳಿದು ಬ್ಯಾಟರಿಯಿಂದ ಇನ್ನೂ ಇನ್ನೂ ಕೊಡುತ್ತಾ ಹೋಗಬಹುದು. ಬ್ಯಾಟರಿ ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ.

ನಮ್ಮ ಕಡೆ ತೋಟದ ಮನೆಗಳಲ್ಲಿ ತ್ರೀ ಫೇಸ್ ಸಂಪರ್ಕ ಸುಮಾರಿದೆ. ಅಲ್ಲಿ ತೊಡಕು ಜಾಸ್ತಿ. ಆರ್, ವೈ, ಬಿ ಅಂತ ಮೂರು ಫೇಸು, ಅಂದರೆ ಕರೆಂಟು ತರುವ ಮೂರು ವಯರು. ಮೂರು ಫೇಸಿಗೆ ಮೂರು ಸಿ.ಟಿ. ಬೇಕು. ಆರ್ ಫೇಸಿನ ಸಿ.ಟಿ. ಆರ್ ವಯರಿಗೇ ಹೋಗಬೇಕು, ಅದರ ತುದಿ ಇನ್ವರ್ಟರಿನ ಆರ್ ಜಾಗಕ್ಕೇ ಬರಬೇಕು. ವೈ ಮತ್ತು ಬಿ ಅದಲು ಬದಲಾದರೆ ಏನಾಗುತ್ತದೆ? ಮೂರು ಫೇಸಿನ ವೋಲ್ಟೇಜ್ ಒಟ್ಟಿಗೆ ಏರಿಳಿಯುವುದಿಲ್ಲ, ಅವುಗಳ ನಡುವೆ 120 ಡಿಗ್ರಿ ಅಂತರ ಇದೆ. ಹಾಗಾಗಿ ತಪ್ಪು ಫೇಸಿನ ವೋಲ್ಟೇಜಿನ ಜೊತೆ ಲೆಕ್ಕ ಹಾಕಿದಾಗ ಹೀಟರಿನಂಥ ಸಾಧನದ 1.5 ಕಿಲೋವ್ಯಾಟ್, ಮೈನಸ್ 0.75 ಅಂತ ಕಾಣುತ್ತದೆ. ಅರ್ಧ, ಅದೂ ತಿರುಗಾ. ಮೂರೂ ಫೇಸಿನಲ್ಲಿ ಸಮನಾದ ಭಾರ ಇದ್ದರೆ ಒಂದು ಸರಿ, ಎರಡು ಅರ್ಧರ್ಧ ಮೈನಸ್, ಒಟ್ಟು ಸೊನ್ನೆ! ಪಂಪು ಗುಡುಗುಡು ಅಂತ ಓಡುತ್ತಿದ್ದರೂ ಆ್ಯಪ್ ಅದನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಕಂಡ ತಪ್ಪುಗಳಲ್ಲಿ ಎಲ್ಲಕ್ಕಿಂತ ಮೋಸದ್ದು ಇದು. ಕೆಲವು ಹೊತ್ತು ಅಂಕಿ ನಂಬುವ ಹಾಗೆಯೇ ಇರುತ್ತದೆ.

ತ್ರೀ ಫೇಸ್ ಮನೆಗೆ ಸಿಂಗಲ್ ಫೇಸ್ ಇನ್ವರ್ಟರ್ ಕೂಡಿಸಿ, ಒಂದೇ ಸಿ.ಟಿ. ಹಾಕಿ ಹೋದ ಕಡೆಗಳೂ ಇವೆ. ಆ್ಯಪಿಗೆ ಒಂದು ಫೇಸ್ ಮಾತ್ರ ಗೊತ್ತು. ನೆಟ್ ಮೀಟರ್ ಮೂರನ್ನೂ ಕೂಡಿಸಿ ನೋಡುತ್ತದೆ. ಆ ಎರಡು ಅಂಕಿ ಯಾವತ್ತೂ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಆದರೆ ಅದನ್ನು ಹಾಕಿದವರು ಮನೆಯವರಿಗೆ ಹೇಳಿ ಹೋಗಬೇಕಿತ್ತು. ಹೇಳದೆ ಹೋಗುವುದು ನನಗೆ ಬಹಳ ಬೇಸರ ತರುವ ವಿಷಯ. ಲಕ್ಷಗಟ್ಟಲೆ ಕೊಟ್ಟವರಿಗೆ ಹತ್ತು ನಿಮಿಷದ ವಿವರಣೆ ಸಿಗಬೇಡವೇ?

ಹಾಗೆಯೇ ಜಾಗ. ಮೀಟರಿನಿಂದ ಬಂದ ವಯರು ಕವಲೊಡೆಯುವ ಮೊದಲೇ ಸಿ.ಟಿ. ಇರಬೇಕು. ಹಳೆಯ ಮನೆಗಳಲ್ಲಿ ಮೈನ್ ಸ್ವಿಚ್ಚಿನ ಬುಡದಿಂದಲೇ ಕೊಟ್ಟಿಗೆಗೋ ಪಂಪಿಗೋ ಬೇರೆ ಲೈನ್ ಎಳೆದಿರುತ್ತಾರೆ. ಸಿ.ಟಿ. ಅದರ ನಂತರ ಇದ್ದರೆ ಆ ಬಳಕೆ ಆ್ಯಪಿಗೆ ಕಾಣುವುದಿಲ್ಲ. ಪಂಪು ಓಡಿದ ದಿನ ಮಾತ್ರ ವ್ಯತ್ಯಾಸ ಬಂದರೆ ಇದನ್ನು ಹುಡುಕಿ.

ಎಲ್ಲಾ ಹೊತ್ತೂ ಒಂದೇ ಪಾಲಿನಲ್ಲಿ ತಪ್ಪಿದರೆ, ಅಂದರೆ ಯಾವಾಗ ನೋಡಿದರೂ ಅರ್ಧವೋ ಎರಡರಷ್ಟೋ ಇದ್ದರೆ, ಅದು ಸೆಟ್ಟಿಂಗ್. ಸಿ.ಟಿ. ಮೇಲೆ 100 ಆಂಪಿಯರಿಗೆ 50 ಮಿಲಿಆಂಪಿಯರ್ ಅಂತ ಇದ್ದರೆ ಅನುಪಾತ 2000ಕ್ಕೆ 1. ಇನ್ವರ್ಟರಿನಲ್ಲಿ 1000 ಅಂತ ಬಿಟ್ಟಿದ್ದರೆ ಅರ್ಧವೇ ತೋರಿಸುತ್ತದೆ. ಪಾಲು ಅಷ್ಟು ಸರಿಯಾಗಿಲ್ಲದೆ, ಸುಮ್ನೆ ಕಡಿಮೆ ಅಂತಾದರೆ ಬಳೆಯನ್ನೇ ನೋಡಿ. ಅದರ ಎರಡು ಹೋಳು ಟಕ್ ಅಂತ ಮುಚ್ಚಿಕೊಳ್ಳಬೇಕು. ನಮ್ಮ ಮಳೆಗಾಲದಲ್ಲಿ ಆ ಮುಖಕ್ಕೆ ತುಕ್ಕು ಹಿಡಿಯುತ್ತದೆ. ಜಗಲಿಯ ಮೀಟರ್ ಪೆಟ್ಟಿಗೆಯೊಳಗೆ ಕುಂಬಾರ ಹುಳ ಮಣ್ಣು ಮೆತ್ತುತ್ತದೆ, ಇರುವೆ ಗೂಡು ಕಟ್ಟುತ್ತದೆ. ಕೂದಲೆಳೆಯಷ್ಟು ಸಂದು ಬಿದ್ದರೂ ಅಳತೆ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಮುಚ್ಚಿದರೆ ಆಯಿತು. ಫೇಸ್, ನ್ಯೂಟ್ರಲ್ ಎರಡನ್ನೂ ಒಂದೇ ಬಳೆಯೊಳಗೆ ತೂರಿಸಿದ್ದರೆ ಒಂದನ್ನೊಂದು ಹೊಡೆದು ಸೊನ್ನೆ ಬರುತ್ತದೆ.

ಗಡಿಯಾರವನ್ನೂ ನೋಡಿ. ಹಲವು ಇನ್ವರ್ಟರ್‌ಗಳು ಚೀನಾದಿಂದ ಬರುತ್ತವೆ, ಸಮಯವೂ ಅಲ್ಲಿಯದೇ ಉಳಿದಿರುತ್ತದೆ. ನಮಗಿಂತ ಎರಡೂವರೆ ಗಂಟೆ ಮುಂದೆ. ಆಗ ನಮ್ಮ ರಾತ್ರಿ ಒಂಬತ್ತೂವರೆಗೇ ಆ್ಯಪಿನ ದಿನ ಮುಗಿಯುತ್ತದೆ. ಒಟ್ಟು ಲೆಕ್ಕ ಸರಿ ಇರುತ್ತದೆ, ದಿನದ ಲೆಕ್ಕ ಹೊಂದುವುದಿಲ್ಲ. ಗ್ರಾಫಿನಲ್ಲಿ ಅಲ್ಲಲ್ಲಿ ಬರೀ ಖಾಲಿ ಇದ್ದರೆ ವೈಫೈ ಹೋದದ್ದಿರಬಹುದು. ಆದರೆ ಜೋರು ಮಳೆಯ ಆಟಿ ತಿಂಗಳಲ್ಲಿ ಲೈನಿಗೆ ಮರ ಬಿದ್ದು ಕರೆಂಟು ಹೋದಾಗ ಬ್ಯಾಟರಿ ಇಲ್ಲದ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಲೈನ್‌ಮ್ಯಾನ್ ಜೀವ ಉಳಿಯಲಿ ಅಂತಲೇ ಆ ಏರ್ಪಾಡು. ಆ ಸೊನ್ನೆ ನಿಜವಾದ ಸೊನ್ನೆ.

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ರಾತ್ರಿ ಎಲ್ಲವನ್ನೂ ಆಫ್ ಮಾಡಿ, 1500 ವ್ಯಾಟಿನ ಕೆಟಲ್‌ನಲ್ಲಿ ನೀರು ಕಾಯಲು ಇಡಿ. ನೆಟ್ ಮೀಟರಿನ ಮೇಲೆ 3200 ಅಂತ ಬರೆದಿದ್ದರೆ, ಒಂದು ಯೂನಿಟಿಗೆ ಕೆಂಪು ದೀಪ 3200 ಸಲ ಮಿನುಗುತ್ತದೆ. ಕೆಟಲ್ ಪೂರ್ತಿ 1500 ಎಳೆದರೆ ನಿಮಿಷಕ್ಕೆ 80 ಮಿನುಗು. ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದಲ್ವಾ? 230ರ ಬದಲು 207 ಇದ್ದರೆ ಅದೇ ಕೆಟಲ್ ಎಳೆಯುವುದು ಸುಮಾರು 1215 ವ್ಯಾಟ್, ಮಿನುಗು 65ರ ಹತ್ತಿರ. ಆದ್ದರಿಂದ ಕೆಟಲ್ ಮೇಲಿನ ಅಂಕಿ ನೋಡಬೇಡಿ. ಮೀಟರ್ ಮಿನುಗುವುದನ್ನೂ ಆ್ಯಪನ್ನೂ ಅದೇ ನಿಮಿಷದಲ್ಲಿ ಹೋಲಿಸಿ. ತ್ರೀ ಫೇಸ್ ಆದರೆ ಕೆಟಲನ್ನು ಮೂರು ಫೇಸಿನ ಪ್ಲಗ್ಗಿಗೂ ಒಂದೊಂದಾಗಿ ಹಾಕಿ. ಮೂರು ಸಲವೂ ಆ್ಯಪ್ ಒಂದೇ ರೀತಿ ಏರಬೇಕು. ಎಲ್ಲಿ ಇಳಿಯುತ್ತದೋ ಅಲ್ಲಿ ಸಿ.ಟಿ. ತಪ್ಪಿದೆ. ಬರೀ ವೈಫೈ ಪೆಟ್ಟಿಗೆ, ಒಂದೆರಡು ಎಲ್.ಇ.ಡಿ. ಇಟ್ಟುಕೊಂಡು ಪರೀಕ್ಷೆ ಬೇಡ. 100 ಆಂಪಿಯರಿನ ಬಳೆಗೆ ಅಷ್ಟು ಸಣ್ಣ ಕರೆಂಟು ಸರಿಯಾಗಿ ಸಿಗುವುದಿಲ್ಲ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳ್ತೇನೆ. ಮೀಟರಿನ ಸೀಲ್ ಮುಟ್ಟಬೇಡಿ. ಪೆಟ್ಟಿಗೆ ತೆರೆದು ಸಿ.ಟಿ. ತಿರುಗಿಸುವ, ಒರೆಸುವ ಕೆಲಸ ಲೈಸೆನ್ಸ್ ಇರುವ ವಯರ್‌ಮ್ಯಾನ್ ಮಾಡಲಿ, ಮೈನ್ ಆಫ್ ಮಾಡಿಯೇ ಮಾಡಲಿ. ಮೈನ್ ಆಫ್ ಮಾಡಿದರೂ ಮೀಟರ್ ಕಡೆಯ ವಯರಿನಲ್ಲಿ ಕರೆಂಟು ಇದ್ದೇ ಇರುತ್ತದೆ. 5 ಆಂಪಿಯರ್ ಹೊರಗೆ ಕೊಡುವ ಸಿ.ಟಿ.ಯ ವಯರನ್ನು ಕರೆಂಟು ಹರಿಯುವಾಗ ಬಿಚ್ಚಿದರೆ ಅದರ ತುದಿಯಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಹುಟ್ಟುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕೆ.ಎಸ್.ಇ.ಬಿ. ಮೀಟರಿನ ಮೇಲೆಯೇ ಅನುಮಾನ ಉಳಿದರೆ, ಸೆಕ್ಷನ್ ಆಫೀಸಿಗೆ ಅರ್ಜಿ ಬರೆದು ಶುಲ್ಕ ಕಟ್ಟಿ ಮೀಟರ್ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ. 2014ರ ಕೇರಳ ವಿದ್ಯುತ್ ಸರಬರಾಜು ಸಂಹಿತೆಯಲ್ಲೇ ಅದು ಇದೆ. ಅರ್ಜಿಯ ಜೊತೆ ಎರಡು ವಾರ ದಿನಾ ಸಂಜೆ ಒಂದೇ ಹೊತ್ತಿಗೆ ಬರೆದ ಎರಡೂ ಮೀಟರಿನ ರೀಡಿಂಗ್ ಮತ್ತು ಆ್ಯಪಿನ ಅಂಕಿ ಇಡಿ. ಬರೀ ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಜಾಸ್ತಿ.

ಮೇಜಿನ ಮೇಲೆ ಒಂದು ಸಿ.ಟಿ.ಯನ್ನೂ ಹಳೆಯ ಮೀಟರನ್ನೂ ಇಟ್ಟಿದ್ದೇನೆ. ಬಾಣದ ಗುರುತು ಎಲ್ಲಿರುತ್ತದೆ ಅಂತ ಬಂದು ನೋಡಿ. ಪ್ರಶ್ನೆಗಳನ್ನೂ ಅಲ್ಲೇ ಕೇಳಿ.