510ರ ರ್ಯಾಕಿನ ಮುಂದೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯವರಿಗೆ ಸಂಜೆಯ ಮಂಡಕ್ಕಿ ಮಿರ್ಚಿ ಬಗ್ಗೆ ಹೇಳಬೇಕಿಲ್ಲ. ಹೋದ ತಿಂಗಳು ಒಂದು ಗಾಡಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಒಳಗಿದ್ದದ್ದು ಲಾಗ್ ಟೇಬಲ್, ದೊಡ್ಡ ಗುಣಾಕಾರ ಭಾಗಾಕಾರಕ್ಕೆ ಹಿಂದೆ ನೋಡುತ್ತಿದ್ದ ಕೋಷ್ಟಕ! ಪುಟ ಎಣ್ಣೆಯಲ್ಲಿ ತೊಯ್ದು ಕನ್ನಡಿಯಂತಾಗಿತ್ತು. 20ರ ಸಾಲಿನ ಎದುರು 3010 ಅಂತ ಚೆನ್ನಾಗೇ ಕಾಣುತ್ತಿತ್ತು. ಮೂವತ್ತು ವರ್ಷ ಗಣಿತ ಪಾಠ ಹೇಳಿದವನು ನಾನು. ಬೇಜಾರಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಕ್ಯಾಲ್ಕುಲೇಟರ್ ಬಂದ ದಿನವೇ ಆ ಪುಸ್ತಕದ ಕೆಲಸ ಮುಗಿದಿತ್ತು. ಮಿರ್ಚಿಗಾದರೂ ಒದಗಿತಲ್ಲ ಅಂದುಕೊಂಡು ತಿಂದೆ.

ನನಗೆ ಹೊಟ್ಟೆ ಉರಿಯುವುದು ಬೇರೆ ಪುಸ್ತಕಗಳ ಗತಿ ನೋಡಿ.

ಕಾಲೇಜು, ವಿಶ್ವವಿದ್ಯಾಲಯಗಳ ಲೈಬ್ರರಿಗಳಲ್ಲಿ ಆಗಾಗ ಹಳೇ ಪುಸ್ತಕ ತೆಗೆದುಹಾಕುತ್ತಾರೆ. ಜಾಗ ಸಾಲುವುದಿಲ್ಲ, ಹೊಸದು ಬರಬೇಕು. ಒಪ್ಪುವ ಮಾತೇ. ಆದರೆ ಯಾವುದನ್ನು ತೆಗೆಯಬೇಕು ಅನ್ನುವುದಕ್ಕೆ ಒಂದೇ ಲೆಕ್ಕ. ಪುಸ್ತಕದ ಹಿಂದೆ ಅಂಟಿಸಿರುವ ಡ್ಯೂ ಡೇಟ್ ಚೀಟಿ ನೋಡುವುದು. ಹತ್ತು ವರ್ಷದಿಂದ ಸೀಲು ಬಿದ್ದಿಲ್ಲವೋ, ಪಕ್ಕಕ್ಕೆ.

ನಮ್ಮ ಕಡೆ ಹೆಚ್ಚಿನ ಲೈಬ್ರರಿಗಳಲ್ಲಿ ಡ್ಯೂಯಿ ಪದ್ಧತಿ ಇದೆ, ಅಂದರೆ ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವುದು. 500ರಿಂದ ವಿಜ್ಞಾನ ಶುರು. 510 ಗಣಿತ, 520 ಖಗೋಳ, 530 ಭೌತಶಾಸ್ತ್ರ, 540 ರಸಾಯನ. ಅಕ್ಕಪಕ್ಕ ನಿಂತಿದ್ದರೂ ಇವಕ್ಕೆ ವಯಸ್ಸಾಗುವ ರೀತಿ ಒಂದೇ ಅಲ್ಲ. 2006ಕ್ಕಿಂತ ಹಿಂದಿನ ಖಗೋಳದ ಪುಸ್ತಕ ತೆಗೆದರೆ ಗ್ರಹ ಒಂಬತ್ತು. ಆ ವರ್ಷ ಪ್ಲೂಟೊವನ್ನು ಪಟ್ಟಿಯಿಂದ ಇಳಿಸಿದರು. ಹಳೇ ರಸಾಯನ ಪುಸ್ತಕದಲ್ಲಿ ಮೂಲವಸ್ತುಗಳು 118 ಮುಟ್ಟಿರುವುದಿಲ್ಲ. ಕಂಪ್ಯೂಟರ್ ಪುಸ್ತಕದ ಮಾತು ಬಿಡಿ, ಗೋಂದು ಒಣಗುವುದರೊಳಗೆ ಹಳತಾಗಿರುತ್ತದೆ. 510 ಹಾಗಲ್ಲ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂದು ಯೂಕ್ಲಿಡ್ ತೋರಿಸಿಕೊಟ್ಟು ಸುಮಾರು 2,300 ವರ್ಷವಾಯಿತು. ಇವತ್ತಿಗೂ ಮಕ್ಕಳಿಗೆ ನಾವು ಹೇಳಿಕೊಡುವುದು ಅದೇ ರುಜುವಾತನ್ನು. ಅದರಲ್ಲಿ ಒಂದು ಅಕ್ಷರ ಹಳಸಿಲ್ಲ.

1903ರ ಹೊತ್ತಿಗೆ ಕುಂಭಕೋಣದ ಹುಡುಗ ರಾಮಾನುಜನ್ ಕೈಗೆ ಒಂದು ಲೈಬ್ರರಿ ಪುಸ್ತಕ ಸಿಕ್ಕಿತು. ಕಾರ್ ಎಂಬ ಇಂಗ್ಲಿಷ್ ಮೇಷ್ಟ್ರು 1880ರ ದಶಕದಲ್ಲಿ ಬರೆದದ್ದು. ಹಾಗೆ ನೋಡಿದರೆ ಅದೇನು ಮಹಾ ಗ್ರಂಥವಲ್ಲ. ಪರೀಕ್ಷೆಗೆ ಓದುವವರಿಗೆಂದು ಸುಮಾರು 5,000 ಸೂತ್ರಗಳನ್ನು ಒಟ್ಟು ಮಾಡಿದ್ದ ಪುಸ್ತಕ, ನಮ್ಮ ಹುಡುಗರು ಗೈಡ್ ಅಂತಾರಲ್ಲ, ಹೆಚ್ಚುಕಡಿಮೆ ಹಾಗೆ. ವಿವರಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನೇ ಹಿಡಿದು ಆ ಹುಡುಗ ಎಲ್ಲಿಂದ ಎಲ್ಲಿಗೆ ಹೋದ ಅನ್ನುವುದು ನಿಮಗೆ ಗೊತ್ತು. ನಮ್ಮ ಕಾಲದ ಕಮಿಟಿ ಅಲ್ಲಿದ್ದಿದ್ದರೆ ಅದನ್ನು ರದ್ದಿಗೆ ಹಾಕುತ್ತಿತ್ತೋ ಏನೋ.

ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದಾನೆ ಎಂದು 1931ರಲ್ಲಿ ಬರೆದ ಎಸ್. ಆರ್. ರಂಗನಾಥನ್ ಕೂಡ ಮೊದಲು ಗಣಿತದ ಮೇಷ್ಟ್ರೇ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. ಕೊನೆಗಾಲ ಬೆಂಗಳೂರಿನಲ್ಲಿ ಕಳೆದರು. ಗಣಿತದವನೇ ಈ ಮಾತು ಹೇಳಿದ ಅಂತ ನನಗೆ ಸ್ವಲ್ಪ ಹೆಮ್ಮೆ. ಇರಲಿ.

ನಾನೂ ಒಂದು ಸಲ ಪುಸ್ತಕ ತೆಗೆಯುವ ಕಮಿಟಿಯಲ್ಲಿದ್ದೆ. ಯಾವ ಕಾಲೇಜು ಅನ್ನುವುದು ಬೇಡ. ನೆಲದ ಮೇಲೆ ರದ್ದಿಗೆ ಹೋಗುವ ಪುಸ್ತಕಗಳ ಗುಡ್ಡೆ. ಅದರಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕದ ಬೆನ್ನ ಮೇಲೆ ಮಹಾವೀರಾಚಾರ್ಯ ಎಂಬ ಹೆಸರು ಕಂಡಿತು. ಎತ್ತಿಕೊಂಡರೆ ಗಣಿತಸಾರಸಂಗ್ರಹ! ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಗಣಿತ ಗ್ರಂಥ, ಅಂದರೆ ಒಂಬತ್ತನೇ ಶತಮಾನದ್ದು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ 1912ರಲ್ಲಿ ಅಚ್ಚು ಹಾಕಿಸಿದ ಪ್ರತಿ. ಕಾಲ್ ನಂಬರ್ ನೋಡಿದೆ, 294.4. ಜೈನ ಧರ್ಮದ ನಂಬರು! ಮಹಾವೀರ ಅನ್ನುವ ಹೆಸರು ನೋಡಿ ಯಾರೋ ತೀರ್ಥಂಕರರ ಪಕ್ಕ ಕೂರಿಸಿಬಿಟ್ಟಿದ್ದರು. ಚೀಟಿಯಲ್ಲಿ ಕೊನೆಯ ಸೀಲು 1989ರದ್ದು.

ಸುಮ್ನೆ ಪುಟ ತಿರುವಿದೆ. ಸೊನ್ನೆಯ ಲೆಕ್ಕ ಬರುವ ಶ್ಲೋಕದ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದು ಮಹಾವೀರಾಚಾರ್ಯರು ಹೇಳುವ ಜಾಗ ಅದು. ಅಷ್ಟು ದೊಡ್ಡ ಗಣಿತಜ್ಞ ಎಡವಿದ್ದು ಅಲ್ಲೇ. ಅದನ್ನು ಹಿಡಿದ ಹುಡುಗ ಯಾರಪ್ಪ, ಜಾಣ, ಅಂದುಕೊಂಡೆ. ಪುಸ್ತಕವನ್ನು ಗುಡ್ಡೆಯಿಂದ ತೆಗೆಸಿ, ನಂಬರ್ ತಿದ್ದಿಸಿ, 510ರ ರ್ಯಾಕಿಗೆ ಸೇರಿಸಿದೆ. ಪುಣ್ಯದ ಕೆಲಸ ಮಾಡಿದೆ ಅಂತ ಎರಡು ದಿನ ಬೀಗಿದ್ದೂ ನಿಜ.

ವಾರ ಕಳೆದ ಮೇಲೆ ಲೈಬ್ರೇರಿಯನ್ ಮೇಡಂ ಫೋನ್ ಮಾಡಿದರು. "ಸರ್, ಒಬ್ಬರು ಬಂದು ಕೂಗಾಡ್ತಿದ್ದಾರೆ. ನಿಮ್ಮನ್ನೇ ಕೇಳ್ತಿದ್ದಾರೆ."

ಹೋದೆ. ಅದೇ ಕಾಲೇಜಿನಿಂದ ರಿಟೈರಾದ ಸಂಸ್ಕೃತದ ಮೇಷ್ಟ್ರು. ಎಂಬತ್ತರ ಹತ್ತಿರ ಹತ್ತಿರ. "ನನ್ನ ಪುಸ್ತಕ ಎಲ್ಲಿ ಹಾಕಿದ್ರಿ?" ಎಂದರು. ವರ್ಷಗಟ್ಟಲೆಯಿಂದ ಅವರು ಗುರುವಾರ ಗುರುವಾರ ಬಂದು, ಧರ್ಮದ ರ್ಯಾಕಿನ ಪಕ್ಕದ ಕಿಟಕಿ ಹತ್ತಿರ ಕೂತು, ದಿನಕ್ಕೆ ನಾಲ್ಕು ಶ್ಲೋಕ ಓದಿ ಹೋಗುತ್ತಿದ್ದರಂತೆ. ಮನೆಗೆ ಒಯ್ದವರಲ್ಲ. ಹಾಗಾಗಿ ಸೀಲು ಎಲ್ಲಿಂದ ಬೀಳಬೇಕು? ಪೆನ್ಸಿಲ್ ಗುರುತೂ ಅವರದ್ದೇ.

ಕ್ಯಾಂಟೀನಿಗೆ ಕರೆದುಕೊಂಡು ಹೋದೆ. "ತಪ್ಪು ಅಂತ ಗುರುತು ಹಾಕಿದ್ದಾ ಸಾರ್?" ಎಂದು ಕೇಳಿದೆ. "ತಪ್ಪಲ್ಲ, ಅವಿಕಾರಿ, ಅಂದ್ರೆ ಬದಲಾಗದೇ ಇರೋದು, ಅಂತ ಎಷ್ಟು ಚೆನ್ನಾಗಿ ಹೇಳಿದ್ದಾರೆ! ನಿಮ್ಮವರು ಯಾಕೆ ಒಪ್ಪಲ್ಲ ಅನ್ನೋದು ನನ್ನ ಪ್ರಶ್ನೆ. ತಟ್ಟೆಯಲ್ಲಿ ಆರು ಮಿರ್ಚಿ ಇವೆ. ಹಂಚಿಕೊಳ್ಳೋಕೆ ಯಾರೂ ಇಲ್ಲ. ಆರೂ ಉಳೀತಲ್ಲ?"

ನಾನು ಟಿಶ್ಯೂ ಪೇಪರಿನ ಮೇಲೆ ಬರೆದು ತೋರಿಸಿದೆ. ಆರನ್ನು ಅರ್ಧದಿಂದ ಭಾಗಿಸಿದರೆ 12. ಹತ್ತನೇ ಒಂದರಿಂದ ಭಾಗಿಸಿದರೆ 60. ನೂರನೇ ಒಂದರಿಂದ 600. ಸೊನ್ನೆ ಹತ್ತಿರ ಹೋದಷ್ಟೂ ಉತ್ತರ ಬೆಳೆಯುತ್ತಲೇ ಹೋಗುತ್ತದೆ, ಆರರಲ್ಲಿ ನಿಲ್ಲುವುದೇ ಇಲ್ಲ ಸಾರ್ ಎಂದೆ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಅರ್ಧ ಮನುಷ್ಯ ಎಲ್ಲಿರ್ತಾನ್ರೀ?" ಎಂದರು.

ಈ ಗುರುವಾರ ಮತ್ತೆ ಸೇರುತ್ತೇವೆ. ಪುಸ್ತಕ ಸದ್ಯಕ್ಕೆ ಅವರ ಹೆಸರಿನಲ್ಲಿ ಇಶ್ಯೂ ಆಗಿದೆ, ಸೀಲು ಸಮೇತ. ನಮಸ್ಕಾರ.