ಮುಳುಗಿದ್ದು ಅರ್ಧ ತಾಸು, ರೂಮ್ ಬಾಡಿಗಿ ಇಡೀ ರಾತ್ರಿದು

ಈ ವಿಡಿಯೋದಾಗ ಅಲುಗಾಡಾಕತ್ತಿದ್ದು ಕ್ಯಾಮೆರಾ ಅಲ್ರಿ, ದೋಣಿ. ಸ್ಕೂಬಾ ಡೈವಿಂಗ್ ಮಾಡಾಕ ಮುರ್ಡೇಶ್ವರ ಬಿಟ್ಟು ಸುಮಾರು 19 ಕಿಲೋಮೀಟರ್ ಸಮುದ್ರದಾಗ ಹೋಗಬೇಕು. ಇಡ್ಲಿ ತಿನಬ್ಯಾಡಲೇ ಅಂದಿದ್ದೆ ತಮ್ಮಗ. ಕೇಳಲಿಲ್ಲ, ನಾಲ್ಕು ತಿಂದ, ನಾಲ್ಕೂ ಮೀನಿಗೆ ಹಾಕಿದ. ಅದನ್ನ ಕಟ್ ಮಾಡೀನಿ.

ಹಾಂ, ಇದ ನೇತ್ರಾಣಿ ನಡುಗಡ್ಡಿ. ಮ್ಯಾಲಿಂದ ನೋಡಿದ್ರ ಹಾರ್ಟ್ ಆಕಾರ ಅಂತಾರ. ದೋಣ್ಯಾಗ ಕುಂತವ್ರಿಗೆ ಬರೇ ಕಲ್ಲಗುಡ್ಡ. ದಡಕ್ಕ ಇಳಸಲಿಲ್ಲ ನಮ್ಮನ್ನ. ನೌಕಾಪಡೆಯವ್ರು ಇದನ್ನ ಗುರಿ ಇಟ್ಟು ಹೊಡಿಯೂ ಪ್ರಾಕ್ಟೀಸ್‌ಗೆ ಬಳಸ್ಯಾರ. ಕೆಳಗ ಹವಳ, ಮ್ಯಾಲ ಗುಂಡು. ಬ್ಯಾರೆ ಗುಡ್ಡ ಸಿಗಲಿಲ್ಲೇನ್ರಿ?

ಇಲ್ಲಿ ನನ್ನ ದನಿ ಇಲ್ಲ, ಬರೇ ಬುರುಬುರು. ಆ ಚುಂಚಿನ ಮೀನ ನೋಡ್ರಿ, ಗಿಳಿಮೀನು. ಹವಳದ ಕಲ್ಲು ಕೆರದು ತಿಂತದ, ಉಸುಕು ಹೇಲ್ತದ. ಹವಳದ ನಡುಗಡ್ಡ್ಯಾಗ ಬಿಳೀ ಉಸುಕಿನ ಮ್ಯಾಲ ಮಲಗಿ ಫೋಟೋ ತಕ್ಕೋತೀರಲ್ಲ, ಅದರಾಗ ಬಾಳಷ್ಟು ಇದರದ.

ತಮ್ಮನ ಕಾಲು ಇನ್ನೇನು ಹವಳಕ್ಕ ಬಡೀಬೇಕು, ಗೈಡ್ ಎಳದ. ಚಲೋ ಮಾಡಿದ. ಹವಳ ಗಿಡ ಅಲ್ರಿ, ಪ್ರಾಣಿ. ಅದರ ಮೈಯಾಗ ಪಾಚಿ ಬಾಡಿಗಿಗೆ ಇರ್ತಾವ. ಬಾಡಿಗಿ ಅಂದ್ರ ಊಟ. ಬಣ್ಣಾನೂ ಬಾಳಷ್ಟು ಅವುಗಳದ. ನೀರು ಕಾದ್ರ ಮಾಲಕ ಬಾಡಿಗ್ಯಾರನ್ನ ಹೊರಗ ಹಾಕ್ತಾನ. ಆಮ್ಯಾಲೆ ತಾನೂ ಬೆಳ್ಳಗ, ಉಪವಾಸ. ಬೆಳ್ಳಗಾದ ಕೂಡ್ಲೆ ಸತ್ತಂಗಲ್ಲ, ನೀರು ಲಗೂನ ತಣ್ಣಗಾದ್ರ ಚೇತರಿಸ್ಕೋತದ.

ಬಾಡಿಗಿ ಅಂದಕೂಡ್ಲೆ ನೆನಪಾತು ನೋಡ್ರಿ, ಹೊಟ್ಟಿ ಉರೀತದ. ಪ್ಲ್ಯಾನ್ ಏನಿತ್ತು? ಮಧ್ಯಾಹ್ನ ಹೊಂಟು ರಾತ್ರಿ ಊಟಕ್ಕ ಹುಬ್ಬಳ್ಳಿ. ದಂಡಿಗೆ ಬಂದ ಮ್ಯಾಲ ಗೈಡ್ ಕೇಳ್ತಾನ, "ಸರ್, ಯಾವ ಊರು? ಹುಬ್ಬಳ್ಳಿಯಾ? ಇವತ್ತು ಘಟ್ಟ ಹತ್ಬೇಡಿ." ಮುಳುಗಿದಾಗ ಮೈಯಾಗ ನೈಟ್ರೋಜನ್ ಸೇರಿರ್ತದಂತ. ಎತ್ತರಕ್ಕ ಹೋದ್ರ ಸೋಡಾ ಬಾಟ್ಲಿ ತಗದಂಗ ಗುಳ್ಳಿ ಏಳಬಹುದಂತ. ಒಂದ ಸಲ ಮುಳುಗಿದ್ರೂ 12 ತಾಸು ಕಾಯಬೇಕು. ಅಲ್ರಿ, ಅದು ವಿಮಾನ ಹತ್ತವ್ರಿಗೆ ಅಂತ ತಿಳದಿದ್ದೆ! ನಮ್ಮ ಹುಬ್ಬಳ್ಳಿ ಸಮುದ್ರಕ್ಕಿಂತ 600 ಮೀಟರಿನ ಮ್ಯಾಲ ಐತಿ. ಉಣಕಲ್ ಕೆರಿ ದಂಡ್ಯಾಗ ಕುಂತಾಗ ಯಾವತ್ತರ ಎತ್ತರದಾಗ ಅದೀನಿ ಅನಿಸೇತೇನ್ರಿ? ಧಾರವಾಡದವ್ರು ಇನ್ನೂ ಮ್ಯಾಲ, ಅದಕ್ಕ ಅವ್ರಿಗೆ ಅಷ್ಟು... ಇರ್ಲಿ ಬಿಡ್ರಿ.

ಆ ಲಾಡ್ಜಿನಾಂವ ನನ್ನ ತೊಯ್ದ ತಲಿ ನೋಡಿದ. "ಡೈವಿಂಗಾ? ಘಟ್ಟದ ಮೇಲಿನವ್ರಾ?" ಅಂದ. ಹೌದಂದೆ. ಬೆಳಿಗ್ಗೆ 1,600 ಹೇಳಿದ್ದ ರೂಮ್, ಈಗ 2,400! ಫ್ಯಾನು ತಿರುಗಿದ್ರ ಲೈಟು ಮಂದ, ಲೈಟು ಹಚ್ಚಿದ್ರ ಫ್ಯಾನು ಮಂದ. 800 ರೂಪಾಯಿ ಅಂದ್ರ ಎಷ್ಟು ಗಿರ್ಮಿಟ್ ಪ್ಲೇಟು ಲೆಕ್ಕ ಹಾಕ್ರಿ. ಇನ್ನೊಮ್ಮೆ ಈ ಕಡೆ ತಲೀನೂ ಹಾಕಂಗಿಲ್ಲ ಅಂದೆ.

ಇದು ಮರುದಿನ, ಅರಬೈಲ್ ಘಟ್ಟ. ಕಿವಿ ಪಟ್ ಅಂತು, ತಮ್ಮ ಗುಳ್ಳಿ ಬಂತು ಅಂತ ಹೆದರಿದ. ಮಳಿಗಾಲ ಮುಗದ ಮ್ಯಾಲ ಮತ್ತ ಬರೋಣೇನಣ್ಣ ಅಂತಾನ. ಬರೋಣಲೇ, ಟೆಂಟ್ ತರೋಣ... ಏ ಬ್ಯಾಟರಿ ಹೊಂಟೈತಿ, ಯಲ್ಲಾಪುರದಾಗ ಚಾ