ಗಾಡಿ ಬದಲಾಯಿತು, ಕೈ ಬದಲಾಗಲಿಲ್ಲ: ಜಾವಾದಿಂದ ಇಂಜೆಕ್ಷನ್‌ವರೆಗೆ

ಎಲ್ಲರಿಗೂ ನಮಸ್ಕಾರ.

ಮೈಸೂರು, ಮಂಡ್ಯದ ಕಡೆ ಮೂವತ್ತು ನಲವತ್ತು ವರ್ಷ ಬೈಕು ಓಡಿಸಿದವರನ್ನು ಕೇಳಿ ನೋಡಿ, ಅವರು ಇಟ್ಟುಕೊಂಡಿದ್ದ ಗಾಡಿಗಳ ಪಟ್ಟಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮೊದಲು ಜಾವಾ ಅಥವಾ ಯೆಜ್ಡಿ. ಆಸೆಗೆ ಒಂದು ಬುಲೆಟ್. ಪೆಟ್ರೋಲ್ ಬೆಲೆ ಏರಿದ ಮೇಲೆ ಹೀರೋ ಹೋಂಡಾ ಸಿಡಿ 100. ನಡುವೆ ಮನೆಯ ಹುಡುಗರ ಹಟಕ್ಕೆ ಯಮಹಾ ಆರ್‌ಎಕ್ಸ್ 100. ಈಗ ಯಾವುದಾದರೂ ಇಂಜೆಕ್ಷನ್ ಗಾಡಿ, ಅಂದರೆ ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಗಾಡಿ. ಈ ಸಾಲನ್ನು ಗಮನಿಸಿದರೆ ಒಂದು ವಿಷಯ ಕಾಣುತ್ತದೆ: ಒಂದು ಗಾಡಿಯನ್ನು ಉಳಿಸಿದ ಅಭ್ಯಾಸವೇ ಮುಂದಿನ ಗಾಡಿಯನ್ನು ಕೆಡಿಸುತ್ತದೆ. ಇವತ್ತಿನ ಮಾತು ಅದರ ಬಗ್ಗೆ.

ಜಾವಾದ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಅದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ. 1960ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ ಐಡಿಯಲ್ ಜಾವಾ ಇಲ್ಲಿ ತಯಾರಿಕೆ ಶುರು ಮಾಡಿತು. 1973ರಿಂದ ಯೆಜ್ಡಿ ಎಂಬ ಹೆಸರು, 1978ಕ್ಕೆ ರೋಡ್‌ಕಿಂಗ್, 1996ಕ್ಕೆ ಕಾರ್ಖಾನೆಗೆ ಬೀಗ. ಇಂಜಿನ್ ಟೂ ಸ್ಟ್ರೋಕ್, ಒಂದೇ ಸಿಲಿಂಡರ್. ಹಳೆ ಜಾವಾದಲ್ಲಿ ಬೋರು (ಸಿಲಿಂಡರಿನ ಒಳವ್ಯಾಸ) 65 ಮಿಮೀ, ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) 75 ಮಿಮೀ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು.

ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಒಳಗೆ ಹೋಗಬೇಕು. ಕ್ರ್ಯಾಂಕ್ ಬೇರಿಂಗಿಗೆ, ಪಿಸ್ಟನ್ನಿಗೆ ಬೇರೆ ದಾರಿಯಿಂದ ಎಣ್ಣೆ ಸಿಗುವುದಿಲ್ಲ. ಹಳೆ ಜಾವಾಕ್ಕೆ 25ಕ್ಕೆ 1ರ ಲೆಕ್ಕ, ಅಂದರೆ ಲೀಟರಿಗೆ 40 ಮಿಲಿ, ಐದು ಲೀಟರಿಗೆ 200 ಮಿಲಿ ಟೂಟಿ (ಟೂ ಸ್ಟ್ರೋಕ್) ಆಯಿಲ್. ಬಂಕಿನಲ್ಲಿ ಮೊದಲು ಆಯಿಲ್ ಹಾಕಿ, ಮೇಲೆ ಪೆಟ್ರೋಲ್ ಬಿಡಿಸಿ; ಬೀಳುವ ರಭಸಕ್ಕೇ ಬೆರೆಯುತ್ತದೆ. "ಇರಲಿ, ಇನ್ನೊಂದಿಷ್ಟು" ಎಂದು ಆಯಿಲ್ ಜಾಸ್ತಿ ಸುರಿಯುವವರಿದ್ದಾರೆ. ಆಯಿಲ್ ಹೆಚ್ಚಾದಷ್ಟೂ ಕಾರ್ಬೊರೇಟರಿನ ಜೆಟ್ಟಿನಲ್ಲಿ, ಅಂದರೆ ಅದರ ಸಣ್ಣ ತೂತಿನಲ್ಲಿ, ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ. ಹೊಗೆಯೂ ಬರುತ್ತದೆ, ಇಂಜಿನ್ನೂ ಕಾಯುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ ಆಯಿಲನ್ನು ಇದಕ್ಕೆ ಬೆರೆಸಲೇಬೇಡಿ; ಅದು ಬೂದಿ ಬಿಟ್ಟು ಪ್ಲಗ್ಗನ್ನು ಕಟ್ಟಿಹಾಕುತ್ತದೆ.

ಇಂಜಿನ್ ಸೀಜ್ ಆದರೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡರೆ, ಎಲ್ಲರೂ ಆಯಿಲನ್ನೇ ದೂರುತ್ತಾರೆ. ಆದರೆ ಎಷ್ಟೋ ಸಲ ತಪ್ಪು ಸೀಲಿನದು. ಕ್ರ್ಯಾಂಕಿಗೆ ಎರಡೂ ಕಡೆ ಗಾಳಿ, ಎಣ್ಣೆ ತಡೆಯುವ ಸೀಲ್ ಇರುತ್ತದೆ. ಬಲಗಡೆ, ಡೈನಮೋ ಹಿಂದಿನದು ಸೋತರೆ ಇಂಜಿನ್ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಮಿಶ್ರಣ ತೆಳುವಾಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ), ರೇಸ್ (ಆಕ್ಸಿಲರೇಟರ್) ಬಿಟ್ಟರೂ ಇಂಜಿನ್ ತಕ್ಷಣ ಇಳಿಯುವುದಿಲ್ಲ, ಕಾದು ಹಿಡಿದುಕೊಳ್ಳುತ್ತದೆ. ಡೈನಮೋ ಬಿಚ್ಚಿದಾಗ ಒಳಗೆ ಜಿಡ್ಡು ಕಂಡರೆ ಅನುಮಾನವೇ ಬೇಡ. ಎಡಗಡೆಯದು ಸೋತರೆ ಗೇರ್‌ಬಾಕ್ಸಿನ ಎಣ್ಣೆ ಇಂಜಿನ್ನಿಗೆ ಹೋಗುತ್ತದೆ: ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್‌ಬಾಕ್ಸಿನ ಎಣ್ಣೆಯ ಮಟ್ಟ ಮಾತ್ರ ಕಾರಣವಿಲ್ಲದೆ ಇಳಿಯುತ್ತಿರುತ್ತದೆ. ಎರಡು ಸೀಲಿನ ಕೆಲಸ ಬಿಟ್ಟು ಬೋರಿಂಗ್ ಮಾಡಿಸಿದರೆ (ಸಿಲಿಂಡರ್ ಕೊರೆಸಿದರೆ) ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ. ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ 0.25 ಮಿಮೀ ಲೆಕ್ಕದಲ್ಲಿ ಏರುತ್ತದೆ. ಮೊದಲು ಪಿಸ್ಟನ್ ಕೊಂಡು, ಅದನ್ನೇ ಅಳೆದು ಬೋರು ಕೊರೆಸಿ; ಡಬ್ಬಿಯ ಮೇಲಿನ ಸೈಜ್ ನಂಬಿ ಮೊದಲೇ ಕೊರೆಸಿದರೆ ಬಿಗಿಯೋ ಸಡಿಲವೋ ಆಗುತ್ತದೆ.

ಇನ್ನು ಚಾಮುಂಡಿ ಬೆಟ್ಟದ ಇಳಿಜಾರು. ರೇಸ್ ಪೂರ್ತಿ ಬಿಟ್ಟು, ಗೇರಿನಲ್ಲೇ ಕೆಳಗಿನವರೆಗೂ ಇಳಿದರೆ ಟೂ ಸ್ಟ್ರೋಕಿಗೆ ಪೆಟ್ರೋಲ್ ತೀರಾ ಕಡಿಮೆ ಹೋಗುತ್ತದೆ, ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಇಳಿಯುವಾಗ ಆಗಾಗ ಸ್ವಲ್ಪ ರೇಸ್ ಕೊಡಬೇಕು. ಹಾಗಂತ ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಬೇಡಿ, ಡ್ರಮ್ ಬ್ರೇಕು ಕಾದು ಹಿಡಿತ ಬಿಡುತ್ತದೆ.

ಪ್ಲಗ್ಗಿನ ಕಿಡಿಗಾಗಿ ಕರೆಂಟು ತುಂಡರಿಸುವ ಪ್ಲಾಟಿನಂ ಪಾಯಿಂಟಿನ ಗ್ಯಾಪ್ 0.4 ಮಿಮೀ. ಫೀಲರ್ ಗೇಜು (ಸಂದು ಅಳೆಯುವ ತೆಳು ತಗಡು) ಇಲ್ಲದೆ ಕಣ್ಣಳತೆಯಲ್ಲಿ ಇಡುವುದು ನಮ್ಮಲ್ಲಿ ಮಾಮೂಲು, ಆದರೆ ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಹೊತ್ತು) ಆಚೀಚೆಯಾಗುತ್ತದೆ. ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಗಾಡಿ ನಿಲ್ಲಿಸಿದ ಕೂಡಲೇ ಪೆಟ್ರೋಲ್ ಕಾಕು ಮುಚ್ಚಿ. ಕಾರ್ಬೊರೇಟರಿನ ನೀಡಲ್ ಸ್ವಲ್ಪ ಸವೆದಿದ್ದರೂ ರಾತ್ರಿಯೆಲ್ಲ ಪೆಟ್ರೋಲ್ ತೊಟ್ಟಿಕ್ಕಿ ಕ್ರ್ಯಾಂಕ್ ಕೇಸಿನಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಕಿಕ್ ಹೊಡೆದಷ್ಟೂ ಪ್ಲಗ್ ಒದ್ದೆ. ಎಳೆತ ಕಡಿಮೆಯಾದರೆ ಕಾರ್ಬೊರೇಟರ್ ಬಿಚ್ಚುವ ಮೊದಲು ಸೈಲೆನ್ಸರಿನ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಎಳೆದು ಮಸಿ ನೋಡಿ. ಸದ್ದು ಬರಲಿ ಎಂದು ಆ ಬ್ಯಾಫಲ್ ಕಿತ್ತೆಸೆದವರ ಗಾಡಿ ಕಡಿಮೆ ವೇಗದಲ್ಲಿ ಎಳೆಯುವುದನ್ನು ಮರೆಯುತ್ತದೆ. ಸದ್ದಂತೂ ಬರುತ್ತದೆ, ಬೀದಿಯವರು ಬೈಯುವಷ್ಟು.

ಈಗ ಅಭ್ಯಾಸದ ವಿಷಯಕ್ಕೆ ಬರೋಣ. ಜಾವಾದಲ್ಲಿ ಗೇರ್ ಲಿವರೇ ಕಿಕ್ಕರ್. ಆ ಲಿವರ್ ಒತ್ತಿದರೆ ಕ್ಲಚ್ಚು ತಾನಾಗಿ ಬಿಡುತ್ತದೆ, ಎಡಗೈ ಮುಟ್ಟದೆ ಗೇರ್ ಹಾಕಬಹುದು. ಹತ್ತು ವರ್ಷ ಹಾಗೆ ಓಡಿಸಿದವರು ಬುಲೆಟ್ ಹತ್ತಿದರೆ ಏನಾಗುತ್ತದೆ? ಕ್ಲಚ್ಚು ಹಿಡಿಯದೆ ಗೇರ್ ತಳ್ಳುತ್ತಾರೆ, ಗೇರಿನ ಹಲ್ಲು, ಫೋರ್ಕು ಸವೆಯುತ್ತವೆ. ಅದಕ್ಕಿಂತ ಅಪಾಯ ಕಾಲಿನದು. ಹಳೆ ಬುಲೆಟ್ಟಿನಲ್ಲಿ ಗೇರು ಬಲಗಡೆ, ಬ್ರೇಕು ಎಡಗಡೆ. ಒಂದನೇ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಗಾಬರಿಯಲ್ಲಿ ಜಾವಾದ ರೂಢಿಯಂತೆ ಬ್ರೇಕೆಂದು ಬಲಗಾಲು ಒತ್ತಿದರೆ ಗಾಡಿ ನಿಲ್ಲುವ ಬದಲು ಮುಂದಿನ ಗೇರಿಗೆ ಹೋಗುತ್ತದೆ. ಹೊಸದಾಗಿ ತಂದವರು ಖಾಲಿ ಮೈದಾನದಲ್ಲಿ ಬ್ರೇಕ್ ಒಂದನ್ನೇ ಅಭ್ಯಾಸ ಮಾಡಿ, ಆಮೇಲೆ ರಸ್ತೆಗಿಳಿಯುವುದು ಒಳ್ಳೆಯದು.

ಕಿಕ್ಕೂ ಬೇರೆ. ಜಾವಾವನ್ನು ಬೀಸಿ ಒದ್ದರೆ ನಡೆಯುತ್ತದೆ. ಬುಲೆಟ್ ಹಾಗೆ ಒದ್ದರೆ ತಿರುಗಿ ಒದೆಯುತ್ತದೆ. ಅಮ್ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕನ್ನು ನಿಧಾನ ತುಳಿಯಿರಿ, ಡಿಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವುದು) ಹಿಡಿದು ಪಿಸ್ಟನ್ನನ್ನು ಮೇಲಿನ ತುದಿಯಿಂದ ಸ್ವಲ್ಪ ದಾಟಿಸಿ, ಲಿವರ್ ಬಿಟ್ಟು, ಕಿಕ್ ಪೂರ್ತಿ ಮೇಲೆ ಬಂದ ಮೇಲೆ ಒಂದೇ ತುಳಿತ. ಎರಕದ ಕಬ್ಬಿಣದ ಬುಲೆಟ್ಟಿನಲ್ಲಿ ಆಯಿಲ್ ನೋಡುವುದಕ್ಕೂ ಕ್ರಮವಿದೆ. ಗಾಡಿ ವಾರಗಟ್ಟಲೆ ನಿಂತಿದ್ದರೆ ಆಯಿಲ್ ಟ್ಯಾಂಕಿನಲ್ಲಿರುವುದು ಪಂಪಿನ ಮೂಲಕ ಕ್ರ್ಯಾಂಕ್ ಕೇಸಿಗೆ ಜಾರಿರುತ್ತದೆ. ಆಗ ಆಯಿಲ್ ಅಳೆಯುವ ಕಡ್ಡಿ ಎತ್ತಿ "ಆಯಿಲೇ ಇಲ್ಲ" ಎಂದು ಸುರಿದರೆ, ಓಡಿಸಿದಾಗ ಹೆಚ್ಚಾದದ್ದೆಲ್ಲ ಇಂಜಿನ್ ಉಸಿರಾಡುವ ಬ್ರೀದರ್ ಪೈಪಿನಿಂದ ಹೊರಗೆ ಉಗಿಯುತ್ತದೆ. ಕೆಲವು ನಿಮಿಷ ಇಂಜಿನ್ ಓಡಿಸಿ, ಆಮೇಲೆ ಕಡ್ಡಿ ನೋಡಿ. ವಾಲ್ವ್ ತೆರೆಸುವ ಟ್ಯಾಪೆಟ್ಟಿಗೆ ಗ್ಯಾಪ್ ಬೇಡ: ಇಂಜಿನ್ ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

1985ರಲ್ಲಿ ಬಂದ ಸಿಡಿ 100 ನಮ್ಮ ಕಡೆ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ ಗಾಡಿ. ಜಾವಾದವರು ಇದನ್ನು ಕೆಡಿಸಿದ ರೀತಿ ವಿಚಿತ್ರ. ಆಯಿಲನ್ನು ಪೆಟ್ರೋಲಿನಲ್ಲೇ ಹಾಕಿ ರೂಢಿಯಾದವರು ಇಂಜಿನ್ನಿನ ತಳದ ಆಯಿಲನ್ನು ಮರೆತೇಬಿಡುತ್ತಾರೆ. ಇದರಲ್ಲಿ ಇರುವುದೇ ಒಂದು ಲೀಟರಿನ ಒಳಗೆ. ಅದು ಅರ್ಧಕ್ಕೆ ಇಳಿದರೆ ಮೊದಲು ಹೋಗುವುದು ಹೆಡ್ಡಿನಲ್ಲಿರುವ ಕ್ಯಾಮ್‌ಶಾಫ್ಟ್ ಮತ್ತು ರಾಕರ್, ಯಾಕೆಂದರೆ ಎಣ್ಣೆ ಕೊನೆಗೆ ಮುಟ್ಟುವುದೇ ಅಲ್ಲಿಗೆ. ಮೇಲಿನಿಂದ ಟಕಟಕ ಸದ್ದು ಬಂದಾಗ ಟ್ಯಾಪೆಟ್ ಬಿಗಿ ಮಾಡಿ ಕಳಿಸುವವರಿದ್ದಾರೆ; ಕ್ಯಾಮಿನ ಮೂಗು ಸವೆದಿದ್ದರೆ ಅದರಿಂದ ಉಪಯೋಗವಿಲ್ಲ. ಕಾರಿನ ಆಯಿಲ್ ಹಾಕಿದರೆ ಕ್ಲಚ್ಚು ಜಾರಬಹುದು, ಈ ಗಾಡಿಯಲ್ಲಿ ಕ್ಲಚ್ ಪ್ಲೇಟು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ (ಇಂಥ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು) ಎಂದಿದೆಯೇ ನೋಡಿ. ಕ್ಯಾನು ಹೊರುವವರು ಹಿಂದಿನ ಚಕ್ರದ ಕಡ್ಡಿಗಳನ್ನು ತಿಂಗಳಿಗೊಮ್ಮೆ ತಟ್ಟಿ ನೋಡಿ. ಸಡಿಲವಾದದ್ದರ ಸದ್ದು ಬೇರೆ. ಒಂದು ಮುರಿದರೆ ಅದರ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ.

ಆರ್‌ಎಕ್ಸ್ 100ರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 98 ಸಿಸಿ, ಹಗುರ, ಬೇಗ ಸಿಟ್ಟಾಗುವ ಗಾಡಿ. ಜಾವಾದಷ್ಟು ಆಯಿಲ್ ಇದಕ್ಕೆ ಬೇಡ. ಸ್ಟಾರ್ಟ್ ಆಗಲು ಸತಾಯಿಸಿ ಕಾರ್ಬೊರೇಟರಿನಿಂದ ಪೆಟ್ರೋಲ್ ಹಿಂದಕ್ಕೆ ಉಗುಳಿದರೆ ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ರೀಡ್ ವಾಲ್ವಿನ ಎಲೆಯ ತುದಿ ಒಡೆದಿದೆಯೇ ನೋಡಿ.

2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಸಾಮಾನ್ಯ ಬೈಕಿಗೂ ಇಂಜೆಕ್ಷನ್. ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸ ಇಲ್ಲಿ ದುಬಾರಿ: ಪಂಪು ಟ್ಯಾಂಕಿನೊಳಗೇ ಇದ್ದರೆ ಅದನ್ನು ತಣ್ಣಗಿಡುವುದು ಪೆಟ್ರೋಲು. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ, ಪಂಪಿಗೆ ಕರೆಂಟು ಬೇಕು.

ಕೊನೆಗೆ, ಪೆಟ್ರೋಲಿಗೆ ಬೆರೆಸುವ ಎಥನಾಲ್. ಹಳೆ ಟ್ಯಾಂಕಿದ್ದವರು ಇದನ್ನು ಗಮನಿಸಿ. ಎಥನಾಲ್ ನೀರು ಹೀರುತ್ತದೆ, ನೀರು ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ, ಹಳೆ ರಬ್ಬರ್ ಪೈಪು ಉಬ್ಬುತ್ತದೆ. ತಿಂಗಳು ಮೀರಿ ನಿಲ್ಲಿಸುವ ಜಾವಾದ ಟ್ಯಾಂಕು ಖಾಲಿ ಮಾಡಿ, ಕಾಕು ಮುಚ್ಚಿ, ಕಾರ್ಬೊರೇಟರ್ ಒಣಗುವವರೆಗೆ ಇಂಜಿನ್ ಓಡಿಸಿ. ಶೇಕಡಾ 20 ಎಥನಾಲ್ ಇದ್ದಾಗ ಮಿಶ್ರಣ ತೆಳುವಾಗುವುದರಿಂದ ಪ್ಲಗ್ ತೆಗೆದು ನೋಡಿ. ಕಾಫಿಪುಡಿ ಬಣ್ಣವಿದ್ದರೆ ಸರಿ. ಬೆಳ್ಳಗಿದ್ದರೆ ಮೊದಲು ಸೀಲು, ಪ್ಯಾಕಿಂಗ್ (ಗ್ಯಾಸ್ಕೆಟ್) ಪರೀಕ್ಷಿಸಿ, ಅವು ಗಟ್ಟಿಯಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ.

ಇಷ್ಟು ಸಾಕು. ಹೊರಗೆ ನಿಲ್ಲಿಸಿರುವ ರೋಡ್‌ಕಿಂಗ್ ಈಗ ತಣ್ಣಗಾಗಿರಬೇಕು. ಪಾಯಿಂಟ್ ಗ್ಯಾಪ್ ಇಡುವುದನ್ನು ನೋಡಬೇಕೆನ್ನುವವರು ಬನ್ನಿ. ಪ್ರಶ್ನೆಗಳನ್ನು ಅಲ್ಲೇ ಕೇಳಬಹುದು.